ಹಾರುವ ತಟ್ಟೆಗಳ ಬೆನ್ನು ಹತ್ತಿದ ಸೇನೆಗಳು

1942ರ ಫೆಬ್ರವರಿ 25ರ ಬೆಳಗಿನ ಜಾವ ಅಮೆರಿಕದ ಲಾಸ್ ಏಂಜಲೀಸ್ ನಗರದ ಜನ ಸೈರನ್ ಸದ್ದಿಗೆ ಎದ್ದು ಕೂತರು. ಪರ್ಲ್ ಹಾರ್ಬರಿನ ಮೇಲೆ ಜಪಾನ್ ಬಾಂಬು ಹಾಕಿ ಇನ್ನೂ ಮೂರು ತಿಂಗಳು ತುಂಬಿರಲಿಲ್ಲ. ಎರಡು ದಿನ ಮುಂಚೆಯಷ್ಟೇ ಅದೇ ಕರಾವಳಿಯ ಎಲ್‌ವುಡ್ ಎಂಬಲ್ಲಿನ ಎಣ್ಣೆ ಬಾವಿಗಳ ಕಡೆಗೆ ಜಪಾನಿನ ಜಲಾಂತರ್ಗಾಮಿಯೊಂದು ಗುಂಡು ಹಾರಿಸಿ ಮಾಯವಾಗಿತ್ತು. ಊರಿಗೆ ಊರೇ ದೀಪ ಆರಿಸಿಕೊಂಡಿತು. ಮೂರು ಗಂಟೆ ದಾಟಿದ ಮೇಲೆ ವಿಮಾನ ನಿರೋಧಕ ಫಿರಂಗಿಗಳು ಗುಡುಗತೊಡಗಿದವು. ಸರ್ಚ್‌ಲೈಟುಗಳ ಬೆಳಕಿನಲ್ಲಿ ಕಂಡ ಯಾವುದೋ ಆಕಾರದ ಮೇಲೆ ಸುಮಾರು ಒಂದು ಗಂಟೆ ಕಾಲ 1,400ಕ್ಕೂ ಹೆಚ್ಚು ಗುಂಡುಗಳು ಹಾರಿದವು. ಬೆಳಕು ಹರಿದ ಮೇಲೆ ನೋಡಿದರೆ ಶತ್ರುವಿನ ಒಂದು ವಿಮಾನವೂ ಉರುಳಿರಲಿಲ್ಲ, ಒಂದು ಬಾಂಬೂ ಬಿದ್ದಿರಲಿಲ್ಲ. ಮನೆಗಳ ಮೇಲೆ, ಬೀದಿಗಳಲ್ಲಿ ಬಿದ್ದಿದ್ದವು ತಮ್ಮದೇ ಗುಂಡಿನ ಚೂರುಗಳು. ಕತ್ತಲಲ್ಲಿ ವಾಹನಗಳು ಡಿಕ್ಕಿಯಾಗಿ, ಗಾಬರಿಗೆ ಎದೆಯೊಡೆದು ಕೆಲವರು ಸತ್ತಿದ್ದರು.

ಅದು ಬರೀ ಸುಳ್ಳು ಗಾಬರಿ ಎಂದರು ನೌಕಾಪಡೆಯ ಕಾರ್ಯದರ್ಶಿ ಫ್ರಾಂಕ್ ನಾಕ್ಸ್. ಹದಿನೈದರಷ್ಟು ವಿಮಾನಗಳು ಬಂದಿದ್ದಿರಬಹುದು ಎಂದರು ಯುದ್ಧ ಕಾರ್ಯದರ್ಶಿ ಹೆನ್ರಿ ಸ್ಟಿಮ್ಸನ್. ಒಂದೇ ಸರಕಾರ, ಒಂದೇ ರಾತ್ರಿ, ಎರಡು ಮಾತು. ಯುದ್ಧ ಮುಗಿದ ಮೇಲೆ ಜಪಾನೀಯರು, ಆ ರಾತ್ರಿ ನಾವು ಅಲ್ಲಿಗೆ ವಿಮಾನ ಕಳಿಸಿಯೇ ಇರಲಿಲ್ಲ ಎಂದರು. 1983ರಲ್ಲಿ ಅಮೆರಿಕದ ವಾಯುಪಡೆಯ ಇತಿಹಾಸಕಾರರು ಹಳೆಯ ಕಡತಗಳನ್ನೆಲ್ಲ ತಿರುವಿ ಹಾಕಿ, ಇಡೀ ಗಲಾಟೆಗೆ ಮೂಲ ಹವಾಮಾನ ಬಲೂನು ಎಂದು ತೀರ್ಮಾನಿಸಿದರು. ಬಲೂನನ್ನು ಹಾರಿಸಿದವರೂ ಅವರದೇ ಸೈನ್ಯದವರು.

ಈ ಪ್ರಸಂಗವನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ಹಾರುವ ತಟ್ಟೆ ಎಂದೊಡನೆ ನಮಗೆ ಬೇರೆ ಗ್ರಹದ ಜೀವಿಗಳು, ಹಾಲಿವುಡ್ಡಿನ ಸಿನಿಮಾಗಳು ನೆನಪಾಗುತ್ತವೆ. ಸೇನೆಗಳು ಇದಕ್ಕೆ ಕೈಹಾಕಿದ್ದು ಆ ಕುತೂಹಲದಿಂದಲ್ಲ. ಮನೆಯ ಜಗಲಿಯಲ್ಲಿ ಕೂತವನು ಆಕಾಶದಲ್ಲಿ ಬೆಳಕು ಕಂಡರೆ ‘ಅದೇನು?’ ಎಂದು ಕೇಳುತ್ತಾನೆ. ಕಾವಲಿಗೆ ನಿಂತವನು ಕೇಳುವುದು ‘ಅದು ಯಾರದು?’ ಎಂದು. ಎರಡನೆಯ ಪ್ರಶ್ನೆಗೆ ಉತ್ತರ ಸಿಗದಿದ್ದರೆ ಕೈ ಕುದುರೆಯ ಮೇಲೆ, ಅಂದರೆ ಬಂದೂಕಿನ ಕುದುರೆಯ ಮೇಲೆ, ಹೋಗುತ್ತದೆ.

ಎರಡನೆಯ ಮಹಾಯುದ್ಧದ ಕೊನೆಯ ಚಳಿಗಾಲದಲ್ಲಿ ರೈನ್ ನದಿಯ ಕಣಿವೆಯ ಮೇಲೆ ರಾತ್ರಿ ಹಾರುತ್ತಿದ್ದ ಅಮೆರಿಕದ 415ನೇ ಫೈಟರ್ ದಳದ ವಿಮಾನಿಗಳು ತಮ್ಮ ವಿಮಾನದ ಬದಿಯಲ್ಲೇ ಕೆಂಪು, ಕಿತ್ತಳೆ ಬಣ್ಣದ ಬೆಳಕಿನ ಉಂಡೆಗಳು ಸಾಗಿ ಬಂದವೆಂದು ವರದಿ ಮಾಡಿದರು. ಆ ಕಾಲದ ಪತ್ರಿಕೆಯ ಹಾಸ್ಯ ಚಿತ್ರಮಾಲೆಯೊಂದರಿಂದ ಪದ ಎತ್ತಿಕೊಂಡು ಅವಕ್ಕೆ ‘ಫೂ ಫೈಟರ್’ ಎಂದು ಹೆಸರಿಟ್ಟರು. ಜರ್ಮನರ ಗುಪ್ತಾಸ್ತ್ರವಿರಬೇಕು ಎಂಬ ಶಂಕೆ. ಯುದ್ಧ ಮುಗಿದ ಮೇಲೆ ತಿಳಿದದ್ದು, ಜರ್ಮನ್ ವಿಮಾನಿಗಳಿಗೂ ಅಂಥವೇ ಬೆಳಕು ಕಂಡಿದ್ದವು, ಅವರು ಅವನ್ನು ಮಿತ್ರಪಕ್ಷದ ಗುಪ್ತಾಸ್ತ್ರ ಅಂದುಕೊಂಡಿದ್ದರು!

1946ರಲ್ಲಿ ಸ್ವೀಡನ್ ದೇಶದ ಸರದಿ. ಬೇಸಿಗೆಯುದ್ದಕ್ಕೂ ಜನ ‘ಭೂತ ರಾಕೆಟ್ಟು’ಗಳನ್ನು ಕಂಡರು. ಜುಲೈ 19ರಂದು ಕೋಲ್‌ಮ್ಯಾರ್ವ್ ಎಂಬ ಸರೋವರಕ್ಕೆ ಏನೋ ಬಿತ್ತೆಂದು ಸೈನಿಕರು ವಾರಗಟ್ಟಲೆ ಕೆರೆಯ ತಳ ಜಾಲಾಡಿದರು. ಏನೂ ಸಿಗಲಿಲ್ಲ. ಬಹುಪಾಲು ವರದಿಗಳಿಗೆ ಉಲ್ಕೆಯಂಥ ನೈಸರ್ಗಿಕ ಕಾರಣಗಳೇ ಸಾಕಾದವು. ಆದರೆ ಸ್ವೀಡನ್ನಿನ ಸೇನೆ ಹೆದರಿದ್ದು ಮೂರ್ಖತನದಿಂದಲ್ಲ. ಹಿಟ್ಲರನ ವಿ-2 ರಾಕೆಟ್ಟುಗಳು ತಯಾರಾಗುತ್ತಿದ್ದ ಪೀನೆಮುಂಡೆ ಬಾಲ್ಟಿಕ್ ಸಮುದ್ರದ ಆಚೆ ದಡದಲ್ಲೇ ಇತ್ತು, ಈಗ ಅದು ರಷ್ಯನ್ನರ ಕೈಯಲ್ಲಿತ್ತು.

ಆಮೇಲೆ ಬಂದದ್ದು 1947. ಜೂನ್ 24ರ ಮಧ್ಯಾಹ್ನ ಕೆನೆತ್ ಆರ್ನಾಲ್ಡ್ ಎಂಬ ಖಾಸಗಿ ವಿಮಾನಿ ವಾಷಿಂಗ್ಟನ್ ರಾಜ್ಯದ ಮೌಂಟ್ ರೇನಿಯರ್ ಬಳಿ ಹಾರುತ್ತಿದ್ದಾಗ ಥಳಥಳಿಸುವ ಒಂಬತ್ತು ವಸ್ತುಗಳ ಸಾಲನ್ನು ಕಂಡ. ನೀರಿನ ಮೇಲೆ ಎಸೆದ ತಟ್ಟೆ ಪುಟಿಯುತ್ತ ಹೋಗುವಂತೆ ಅವು ಹೋದವು ಎಂದು ಆತ ಹೇಳಿದ್ದು ಅವುಗಳ ನಡೆಯ ಬಗ್ಗೆ. ಪತ್ರಿಕೆಗಳವರು ಅದನ್ನು ಆಕಾರಕ್ಕೆ ಅಂಟಿಸಿ ‘ಹಾರುವ ತಟ್ಟೆ’ ಎಂದುಬಿಟ್ಟರು. ಅಲ್ಲಿಂದ ಮುಂದೆ ಜನ ಕಂಡದ್ದೆಲ್ಲ ತಟ್ಟೆಯಾಕಾರದ್ದೇ. ಒಂದು ತಲೆಬರಹ ಎಷ್ಟು ಜನರ ಕಣ್ಣನ್ನು ತಿದ್ದಬಲ್ಲುದು ಎಂಬುದಕ್ಕೆ ಪತ್ರಿಕೋದ್ಯಮದಲ್ಲಿ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಎರಡೇ ವಾರದಲ್ಲಿ, ಜುಲೈ 8ರಂದು, ನ್ಯೂ ಮೆಕ್ಸಿಕೋದ ರಾಸ್‌ವೆಲ್ ವಾಯುನೆಲೆ ತನಗೊಂದು ಹಾರುವ ತಟ್ಟೆ ಸಿಕ್ಕಿದೆಯೆಂದು ಪತ್ರಿಕಾ ಹೇಳಿಕೆ ಕೊಟ್ಟು, ಕೂಡಲೇ ಅದು ಹವಾಮಾನ ಬಲೂನೆಂದು ಮಾತು ಬದಲಿಸಿತು. ಮುಂದೆ ಎಷ್ಟೋ ಜನ ಆ ಎರಡನೆಯ ಮಾತನ್ನು ನಂಬಲಿಲ್ಲ. ನಂಬದಿದ್ದದ್ದು ಒಂದು ರೀತಿಯಲ್ಲಿ ಸರಿಯೇ. 1994ರಲ್ಲಿ ವಾಯುಪಡೆ ಒಪ್ಪಿಕೊಂಡಂತೆ ಅದು ಸಾಮಾನ್ಯ ಹವಾಮಾನ ಬಲೂನಲ್ಲ, ‘ಮೊಗಲ್’ ಎಂಬ ಗುಪ್ತ ಯೋಜನೆಯ ಬಲೂನು ಸರ. ಸೋವಿಯತ್ ರಷ್ಯ ಅಣುಬಾಂಬು ಸಿಡಿಸಿದರೆ ಅದರ ಸದ್ದಿನ ಅಲೆಗಳನ್ನು ಬಾನೆತ್ತರದಲ್ಲಿ ಹಿಡಿಯಲು ಮಾಡಿದ ಸಾಧನ.

ಆ ವರ್ಷ ಸೆಪ್ಟೆಂಬರ್ 23ರಂದು ಜನರಲ್ ನೇಥನ್ ಟ್ವೈನಿಂಗ್ ತಮ್ಮ ಮೇಲಿನವರಿಗೆ ಒಂದು ಟಿಪ್ಪಣಿ ಕಳಿಸಿದರು. ಜನ ಹೇಳುತ್ತಿರುವುದು ಬರೀ ಕಲ್ಪನೆಯಲ್ಲ, ಏನೋ ಇದೆ, ವ್ಯವಸ್ಥಿತವಾಗಿ ತನಿಖೆಯಾಗಬೇಕು ಎಂಬುದು ಅದರ ಸಾರ. ಹಾರುವ ತಟ್ಟೆಗಳ ಭಕ್ತರು ಇಂದಿಗೂ ಇದನ್ನು ತೋರಿಸುತ್ತಾರೆ. ಆದರೆ ಅದೇ ಟಿಪ್ಪಣಿಯಲ್ಲಿ ಇನ್ನೊಂದು ಮಾತಿದೆ. ಇವು ನಮ್ಮ ದೇಶದ್ದೇ ಯಾವುದೋ ಅತಿ ಗುಪ್ತ ಯೋಜನೆಯವಾಗಿದ್ದು ಅದು ನಮ್ಮ ವಿಭಾಗಕ್ಕೂ ಗೊತ್ತಿಲ್ಲದೆ ಇರುವ ಸಾಧ್ಯತೆಯಿದೆ ಎಂದು ಜನರಲ್ ಬರೆದಿದ್ದರು. ಮುಂದಿನ ಎಪ್ಪತ್ತೈದು ವರ್ಷಗಳ ಕಥೆಯ ಬಹುಭಾಗ ಈ ಒಂದು ಸಾಲಿನಲ್ಲಿದೆ ಎಂದೇ ನನಗೆ ಅನ್ನಿಸುತ್ತದೆ.

1948ರ ಆರಂಭದಲ್ಲಿ ಓಹಾಯೊ ರಾಜ್ಯದ ಡೇಟನ್ ಬಳಿಯ ವಾಯುನೆಲೆಯಲ್ಲಿ ‘ಪ್ರಾಜೆಕ್ಟ್ ಸೈನ್’ ಎಂಬ ತನಿಖಾ ಘಟಕ ಶುರುವಾಯಿತು. ಅದು ಕಣ್ಣು ಬಿಡುವ ಹೊತ್ತಿಗೇ ಒಂದು ಸಾವು ಎದುರಾಯಿತು. ಜನವರಿ 7ರ ಮಧ್ಯಾಹ್ನ ಕೆಂಟಕಿಯ ಗಾಡ್‌ಮನ್ ವಾಯುನೆಲೆಯವರಿಗೆ ಆಕಾಶದಲ್ಲಿ ದೊಡ್ಡದೊಂದು ಬಿಳಿ ವಸ್ತು ಕಂಡಿತು. ಆ ದಾರಿಯಾಗಿ ಹಾರುತ್ತಿದ್ದ ಕ್ಯಾಪ್ಟನ್ ಥಾಮಸ್ ಮ್ಯಾಂಟೆಲ್‌ಗೆ ಅದೇನೆಂದು ನೋಡಲು ಹೇಳಿದರು. ಇಪ್ಪತ್ತೈದು ವರ್ಷದ ಮ್ಯಾಂಟೆಲ್ ನಾರ್ಮಂಡಿಯ ದಾಳಿಯಲ್ಲಿ ಹಾರಿ ಬಂದ ಅನುಭವಿ. ಆದರೆ ಅಂದು ಆತನ ಮಸ್ಟಾಂಗ್ ವಿಮಾನದಲ್ಲಿ ಆಮ್ಲಜನಕ ಇರಲಿಲ್ಲ. ಜೊತೆಗಾರರು ಹಿಂದಿರುಗಿದರು. ಈತ ಆ ವಸ್ತು ಇನ್ನೂ ಮೇಲಿದೆಯೆಂದು 20,000 ಅಡಿಗಳನ್ನೂ ದಾಟಿ ಏರಿದ. ಪ್ರಜ್ಞೆ ತಪ್ಪಿರಬೇಕು, ವಿಮಾನ ಸುತ್ತುತ್ತ ಬಂದು ನೆಲಕ್ಕಪ್ಪಳಿಸಿತು.

ಮ್ಯಾಂಟೆಲ್ ಬೆನ್ನು ಹತ್ತಿದ್ದು ಶುಕ್ರ ಗ್ರಹವನ್ನು ಎಂದು ವಾಯುಪಡೆ ಮೊದಲು ಹೇಳಿತು. ಶುಕ್ರ ಆಗ ಆ ದಿಕ್ಕಿನಲ್ಲಿ ಇದ್ದದ್ದೇನೋ ನಿಜ. ಆದರೆ ಹಾಡುಹಗಲಲ್ಲಿ ಶುಕ್ರನನ್ನು ಹುಡುಕಿ ಹಿಡಿಯುವುದು ಎಷ್ಟು ಕಷ್ಟವೆಂದು ಪ್ರಯತ್ನಿಸಿದವರಿಗೆ ಗೊತ್ತು. ಜನ ನಗಾಡಿದರು, ಕೆಲವರು ಮ್ಯಾಂಟೆಲ್‌ನನ್ನು ಪರಗ್ರಹದವರು ಹೊಡೆದುರುಳಿಸಿದರೆಂದೇ ನಂಬಿದರು. ನಿಜಾಂಶ ಹೊರಬಂದದ್ದು ಕೆಲವು ವರ್ಷಗಳ ನಂತರ. ನೌಕಾಪಡೆ ‘ಸ್ಕೈಹುಕ್’ ಎಂಬ ಹೆಸರಿನಲ್ಲಿ ಸುಮಾರು ನೂರು ಅಡಿ ಅಗಲದ ಪ್ಲಾಸ್ಟಿಕ್ ಬಲೂನುಗಳನ್ನು ಒಂದು ಲಕ್ಷ ಅಡಿ ಎತ್ತರಕ್ಕೆ ಹಾರಿಸುತ್ತಿತ್ತು. ಬಿಸಿಲು ಬಿದ್ದರೆ ಲೋಹದಂತೆ ಮಿಂಚುವ, ಎಷ್ಟು ಏರಿದರೂ ಕೈಗೆಟುಕದ ವಸ್ತು. ಯೋಜನೆ ಗುಟ್ಟಿನದಾದ್ದರಿಂದ ಮ್ಯಾಂಟೆಲ್‌ಗೂ ಅದರ ಸುಳಿವಿಲ್ಲ, ಆತನ ಸಾವನ್ನು ತನಿಖೆ ಮಾಡಿದವರಿಗೂ ಇಲ್ಲ. ಅವರು ಕೈಗೆ ಸಿಕ್ಕ ಶುಕ್ರನನ್ನು ಹಿಡಿದುಕೊಂಡರು.

ಇಂಥ ಬಲೂನುಗಳು ನಮಗೂ ಹೊಸತಲ್ಲ. ಹೋಮಿ ಭಾಭಾ 1940ರ ದಶಕದಲ್ಲಿ ಬೆಂಗಳೂರಿನಿಂದಲೇ ವಿಶ್ವಕಿರಣಗಳ ಅಧ್ಯಯನಕ್ಕೆ ಬಲೂನು ಹಾರಿಸಿದ್ದರು. ಇಂದಿಗೂ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಹೈದರಾಬಾದಿನಿಂದ ಹಾರಿಸುವ ದೊಡ್ಡ ಬಲೂನುಗಳ ಉಪಕರಣ ಬೀದರ್ ಕಡೆಯ ಊರುಗಳಲ್ಲಿ ಇಳಿದು ಜನ ಗಾಬರಿಯಾದದ್ದುಂಟು. ಅವರು ಪೆಟ್ಟಿಗೆಯ ಮೇಲೆ ಕನ್ನಡದಲ್ಲೂ ಒಂದು ಚೀಟಿ ಅಂಟಿಸಿದರೆ ಗುಟ್ಟೂ ಇಲ್ಲ, ಗಾಬರಿಯೂ ಇಲ್ಲ.

‘ಸೈನ್’ ಹೋಗಿ 1949ರಲ್ಲಿ ‘ಗ್ರಡ್ಜ್’ ಬಂತು. ಗ್ರಡ್ಜ್ ಎಂದರೆ ಹಗೆ. ಹೆಸರಿಗೆ ತಕ್ಕಂತೆ ಆ ಘಟಕದವರು ಬಂದ ವರದಿಗಳನ್ನೆಲ್ಲ ಹೇಗಾದರೂ ಮಾಡಿ ತಳ್ಳಿಹಾಕುವುದೇ ಕೆಲಸವೆಂದು ತಿಳಿದಿದ್ದರು. 1952ರಲ್ಲಿ ಅದಕ್ಕೆ ‘ಬ್ಲೂ ಬುಕ್’ ಎಂದು ಹೊಸ ಹೆಸರು, ಎಡ್ವರ್ಡ್ ರುಪೆಲ್ಟ್ ಎಂಬ ಯುವ ಕ್ಯಾಪ್ಟನ್ ಅದರ ಮುಖ್ಯಸ್ಥ. ಈತ ಮುಕ್ತ ಮನಸ್ಸಿನ ಮನುಷ್ಯ. ‘ತಟ್ಟೆ’ ಎಂದರೆ ಅರ್ಧ ತೀರ್ಪು ಕೊಟ್ಟ ಹಾಗೆ ಎಂದು ‘ಗುರುತಿಸಲಾಗದ ಹಾರುವ ವಸ್ತು’, ಅಂದರೆ ಯು.ಎಫ್.ಓ. ಎಂಬ ಮಾತನ್ನು ಬಳಕೆಗೆ ತಂದವನು ಈತನೇ. ಪೈಲಟ್ಟುಗಳು ಗೇಲಿಗೆ ಹೆದರಿ ತಾವು ಕಂಡದ್ದನ್ನು ನುಂಗಿಕೊಳ್ಳುತ್ತಿದ್ದಾರೆಂದು ತಿಳಿದು, ವರದಿ ಮಾಡಲು ಒಂದೇ ಬಗೆಯ ನಮೂನೆ ಮಾಡಿಸಿದ.

ಅದೇ ಬೇಸಿಗೆಯಲ್ಲಿ ಆಕಾಶದ ಬೆಳಕು ರಾಜಧಾನಿಗೇ ಬಂತು. 1952ರ ಜುಲೈ 19ರ ರಾತ್ರಿ 11.40ಕ್ಕೆ ವಾಷಿಂಗ್ಟನ್ನಿನ ವಿಮಾನ ನಿಲ್ದಾಣದ ರಾಡಾರ್ ಪರದೆಯ ಮೇಲೆ ಏಳು ಚುಕ್ಕೆಗಳು ಕಾಣಿಸಿಕೊಂಡವು. ಅಲ್ಲಿ ಆ ಹೊತ್ತಿಗೆ ಯಾವ ವಿಮಾನವೂ ಇರಬೇಕಾಗಿರಲಿಲ್ಲ. ಅವು ಶ್ವೇತಭವನದ, ಸಂಸತ್ ಭವನದ ಮೇಲಿನ ನಿಷೇಧಿತ ಆಕಾಶಕ್ಕೂ ಬಂದವು. ಕೆಲವು ಪೈಲಟ್ಟುಗಳಿಗೆ ಬರಿಗಣ್ಣಿಗೂ ಬೆಳಕು ಕಂಡಿತು. ಬೆಳಗಿನ ಜಾವ ಡೆಲವೇರಿನಿಂದ ಜೆಟ್ ಫೈಟರುಗಳು ಬಂದರೆ ಚುಕ್ಕೆಗಳು ಮಾಯ, ಜೆಟ್ಟುಗಳು ಹಿಂದಿರುಗಿದರೆ ಮತ್ತೆ ಹಾಜರ್. ಮುಂದಿನ ಶನಿವಾರ ರಾತ್ರಿ ಪುನಃ ಅದೇ ಆಟ.

ಬ್ಲೂ ಬುಕ್ಕಿನ ಮುಖ್ಯಸ್ಥನಿಗೆ ಈ ಸುದ್ದಿ ತಿಳಿದದ್ದು ಎರಡು ದಿನದ ನಂತರ, ಬೇರೆ ಕೆಲಸಕ್ಕೆಂದು ವಾಷಿಂಗ್ಟನ್ನಿಗೆ ಬಂದಿಳಿದಾಗ, ಪತ್ರಿಕೆಗಳ ಮುಖಪುಟದಿಂದ! ಊರೆಲ್ಲ ಸುತ್ತಿ ಸಾಕ್ಷಿಗಳನ್ನು ಕಾಣಲು ರುಪೆಲ್ಟ್ ಒಂದು ಸರಕಾರಿ ಕಾರು ಕೇಳಿದ. ಕಾರು ಕೊಡುವುದು ದೊಡ್ಡ ಅಧಿಕಾರಿಗಳಿಗೆ ಮಾತ್ರ ಎಂಬ ಉತ್ತರ ಬಂತು. ಟ್ಯಾಕ್ಸಿಯಾದರೆ ಕೈಯಿಂದಲೇ ಖರ್ಚು. ಮೇಲಾಗಿ ಪ್ರಯಾಣದ ಆದೇಶವನ್ನು ತಿದ್ದಿಸದೆ ಊರಲ್ಲಿ ಉಳಿದರೆ ಗೈರುಹಾಜರಿ ಎಂದಾಗುತ್ತದೆಂದು ಎಚ್ಚರಿಸಿದರು. ಆತ ಮುಂದಿನ ವಿಮಾನ ಹತ್ತಿ ಡೇಟನ್ನಿಗೆ ಮರಳಿದ. ಜಗತ್ತಿನ ಅತ್ಯಂತ ಬಲಿಷ್ಠ ದೇಶದ ರಾಜಧಾನಿಯ ಮೇಲೆ ಅಪರಿಚಿತ ವಸ್ತುಗಳು ಹಾರಿವೆಯೆಂದು ಜಗತ್ತೇ ಮಾತಾಡುತ್ತಿದ್ದಾಗ ಅದರ ಅಧಿಕೃತ ತನಿಖೆ ಟ್ಯಾಕ್ಸಿ ಬಾಡಿಗೆಯಲ್ಲಿ ಸಿಕ್ಕಿಬಿದ್ದಿತ್ತು. ಸರಕಾರಿ ಕಚೇರಿಗೆ ಅಲೆದ ನಮ್ಮ ಓದುಗರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಜುಲೈ 29ರಂದು ಮೇಜರ್ ಜನರಲ್ ಜಾನ್ ಸ್ಯಾಮ್‌ಫೋರ್ಡ್ ಪತ್ರಕರ್ತರನ್ನು ಕರೆದರು. ಮಹಾಯುದ್ಧದ ನಂತರ ಪೆಂಟಗನ್ನಿನಲ್ಲಿ ಅಷ್ಟು ದೊಡ್ಡ ಪತ್ರಿಕಾಗೋಷ್ಠಿ ನಡೆದಿರಲಿಲ್ಲ. ಅವರು ಕೊಟ್ಟ ವಿವರಣೆ ಉಷ್ಣತೆಯ ತಿರುವುಮುರುವು. ಸಾಮಾನ್ಯವಾಗಿ ಮೇಲೆ ಹೋದಂತೆ ಗಾಳಿ ತಣ್ಣಗಾಗುತ್ತದೆ. ಸೆಕೆಯ ರಾತ್ರಿಗಳಲ್ಲಿ ಒಮ್ಮೊಮ್ಮೆ ನೆಲದ ಬಳಿ ತಂಪು ಗಾಳಿ, ಅದರ ಮೇಲೆ ಬಿಸಿ ಗಾಳಿಯ ಹೊದಿಕೆ ಇರುತ್ತದೆ. ಆಗ ರಾಡಾರಿನ ಅಲೆ ನೇರ ಹೋಗದೆ ಬಾಗಿ ನೆಲದ ಮೇಲಿನ ವಸ್ತುವನ್ನು ಮುಟ್ಟಿ ಹಿಂದಿರುಗುತ್ತದೆ. ಪರದೆಯ ಮೇಲೆ ಅದು ಆಕಾಶದಲ್ಲಿರುವಂತೆ ಕಾಣುತ್ತದೆ. ಬೇಸಿಗೆಯಲ್ಲಿ ಡಾಂಬರು ರಸ್ತೆಯ ಮೇಲೆ ನೀರು ಕಂಡ ಹಾಗೆ, ಇದು ರಾಡಾರಿನ ಬಿಸಿಲ್ಗುದುರೆ. ಆ ರಾತ್ರಿ ಪರದೆಯ ಮುಂದೆ ಕೂತಿದ್ದ ನಿಯಂತ್ರಕರು ಮಾತ್ರ ಈ ವಿವರಣೆಯನ್ನು ಒಪ್ಪಲಿಲ್ಲ. ದಿನಾ ರಾಡಾರ್ ನೋಡುವವರಿಗೆ ಬಿಸಿಲ್ಗುದುರೆ ಯಾವುದು, ಕುದುರೆ ಯಾವುದು ಎಂದು ತಿಳಿಯದೆ ಎಂಬುದು ಅವರ ಸಿಟ್ಟು.

ಆ ಒಂದೇ ವರ್ಷ ಬ್ಲೂ ಬುಕ್ಕಿಗೆ ಬಂದ ವರದಿಗಳು 1,501. ಅವುಗಳಲ್ಲಿ 303ಕ್ಕೆ ಉತ್ತರ ಸಿಗಲಿಲ್ಲ. ಈಗ ಗುಪ್ತಚರ ಸಂಸ್ಥೆ ಸಿ.ಐ.ಎ.ಗೆ ತಲೆಬಿಸಿಯಾಯಿತು. ಅದರ ಚಿಂತೆ ತಟ್ಟೆಗಳದ್ದಲ್ಲ, ಟೆಲಿಫೋನುಗಳದ್ದು. ಬೆಳಕು ಕಂಡೆವೆಂದು ಜನ ಸಾವಿರಾರು ಕರೆ ಮಾಡಿ ಸೇನೆಯ ತಂತಿಗಳನ್ನು ತುಂಬಿಬಿಟ್ಟ ಗಳಿಗೆಯಲ್ಲೇ ರಷ್ಯದ ಬಾಂಬರುಗಳು ನಿಜವಾಗಿ ಬಂದರೆ? 1953ರ ಜನವರಿಯಲ್ಲಿ ಭೌತವಿಜ್ಞಾನಿ ಎಚ್.ಪಿ. ರಾಬರ್ಟ್‌ಸನ್ ನೇತೃತ್ವದಲ್ಲಿ ಐವರು ವಿಜ್ಞಾನಿಗಳು ಗುಟ್ಟಾಗಿ ಕೂಡಿದರು. ಮುಂದೆ ನೊಬೆಲ್ ಪಡೆದ ಲೂಯಿ ಆಲ್ವರೆಜ್ ಅವರಲ್ಲೊಬ್ಬರು. ವಸ್ತುಗಳಿಂದ ಅಪಾಯವಿಲ್ಲ, ವರದಿಗಳಿಂದಲೇ ಅಪಾಯ ಎಂದು ಅವರು ನಾಲ್ಕೇ ದಿನದಲ್ಲಿ ತೀರ್ಮಾನಿಸಿ, ಈ ವಿಷಯದ ಸುತ್ತಲಿನ ರಹಸ್ಯದ ಪ್ರಭೆಯನ್ನು ಕಳಚಬೇಕೆಂದು ಶಿಫಾರಸು ಮಾಡಿದರು. ಆ ಶಿಫಾರಸನ್ನೇ ರಹಸ್ಯವಾಗಿಟ್ಟದ್ದು ತಮಾಷೆಯ ಸಂಗತಿ. ವರ್ಷಗಳ ನಂತರ ಅದು ಹೊರಬಿದ್ದಾಗ, ಸರಕಾರ ಏನೋ ಮುಚ್ಚಿಡುತ್ತಿದೆ ಎಂದವರಿಗೆ ಕೈಗೆ ದಾಖಲೆಯೇ ಸಿಕ್ಕಂತಾಯಿತು.

ಸರಕಾರ ಮುಚ್ಚಿಟ್ಟಿದ್ದೂ ನಿಜವೇ. 1955ರ ಆಗಸ್ಟಿನಲ್ಲಿ ನೆವಾಡದ ಮರುಭೂಮಿಯಲ್ಲಿ ಯು-2 ಎಂಬ ಬೇಹುಗಾರಿಕೆ ವಿಮಾನದ ಹಾರಾಟ ಆರಂಭವಾಯಿತು. ಪ್ರಯಾಣಿಕ ವಿಮಾನಗಳು 10ರಿಂದ 20 ಸಾವಿರ ಅಡಿ ಎತ್ತರದಲ್ಲಿ ಹಾರುತ್ತಿದ್ದ ಕಾಲ ಅದು. ಯು-2 ಹಾರುತ್ತಿದ್ದದ್ದು 60 ಸಾವಿರ ಅಡಿಗೂ ಮೇಲೆ. ಸಂಜೆ ಸೂರ್ಯ ಮುಳುಗಿ ಕೆಳಗಿನ ಪೈಲಟ್ಟಿಗೆ ಕತ್ತಲಾದ ಮೇಲೂ ಅಷ್ಟು ಎತ್ತರದಲ್ಲಿ ಇನ್ನೂ ಬಿಸಿಲು. ಆ ವಿಮಾನದ ಬೆಳ್ಳಿ ಬಣ್ಣದ ರೆಕ್ಕೆಗಳ ಮೇಲೆ ಬಿಸಿಲು ಬಿದ್ದರೆ ಕೆಳಗಿನವನಿಗೆ ಕಾಣುವುದು ತಲೆಯ ಮೇಲೆ ಎಲ್ಲೋ ಉರಿಯುವ ಒಂದು ಕೆಂಡ. ಮನುಷ್ಯ ಅಷ್ಟು ಎತ್ತರ ಹಾರಬಲ್ಲನೆಂದು ಯಾರೂ ನಂಬದ ಕಾಲದಲ್ಲಿ ಆತ ಏನೆಂದು ವರದಿ ಮಾಡಬೇಕು? ವರದಿ ಬ್ಲೂ ಬುಕ್ಕಿಗೆ ಬರುತ್ತಿತ್ತು. ಅಲ್ಲಿನವರು ಸಿ.ಐ.ಎ.ಗೆ ಫೋನು ಮಾಡಿ ಹಾರಾಟದ ದಾಖಲೆಯೊಡನೆ ತಾಳೆ ನೋಡುತ್ತಿದ್ದರು. ಉತ್ತರ ಸಿಗುತ್ತಿತ್ತು. ಆದರೆ ಪತ್ರ ಬರೆದವನಿಗೆ ಆ ಉತ್ತರ ಹೇಳುವಂತಿರಲಿಲ್ಲ. ಮಂಜಿನ ಹರಳು, ಉಷ್ಣತೆಯ ತಿರುವುಮುರುವು ಎಂದು ಏನೋ ಒಂದು ಬರೆದು ಕಳಿಸುತ್ತಿದ್ದರು. 1950ರ ದಶಕದ ಕೊನೆಯಿಂದ 60ರ ದಶಕದವರೆಗಿನ ವರದಿಗಳಲ್ಲಿ ಅರ್ಧಕ್ಕೂ ಹೆಚ್ಚು ಇಂಥ ಬೇಹು ವಿಮಾನಗಳವೇ ಎಂದು ಸಿ.ಐ.ಎ.ಯ ಇತಿಹಾಸಕಾರರು ಮುಂದೆ ಬರೆದರು. ಅರ್ಧ ಎಂಬುದು ಉತ್ಪ್ರೇಕ್ಷೆ ಎನ್ನುವವರಿದ್ದಾರೆ. ಆದರೂ ಕಂಡದ್ದನ್ನು ಕಂಡಂತೆ ಹೇಳಿದ ಪೈಲಟ್ಟು ಹುಚ್ಚನೆನಿಸಿಕೊಂಡ, ಸುಳ್ಳು ಉತ್ತರ ಕೊಟ್ಟ ಕಚೇರಿ ವೈಜ್ಞಾನಿಕವೆನಿಸಿಕೊಂಡಿತು ಎಂಬುದಂತೂ ಉಳಿಯಿತು.

ಆ ಕಚೇರಿಗೆ ಮೊದಲಿನಿಂದಲೂ ಸಲಹೆಗಾರರಾಗಿದ್ದವರು ಖಗೋಳ ವಿಜ್ಞಾನಿ ಅಲೆನ್ ಹೈನೆಕ್. ಮ್ಯಾಂಟೆಲ್ ಪ್ರಕರಣದಲ್ಲಿ ಶುಕ್ರನ ಹೆಸರು ಎತ್ತಿದವರಲ್ಲಿ ಅವರೂ ಒಬ್ಬರು. 1966ರ ಮಾರ್ಚ್‌ನಲ್ಲಿ ಮಿಶಿಗನ್ ರಾಜ್ಯದ ಜೌಗು ನೆಲಗಳ ಮೇಲೆ ಜನ ಬೆಳಕು ಕಂಡಾಗ, ಕೊಳೆತ ಗಿಡಗಂಟಿಗಳಿಂದ ಹೊಮ್ಮುವ ಅನಿಲ ಉರಿದು ಹೀಗಾಗಿರಬಹುದು ಎಂದರು. ನಮ್ಮ ಹಳ್ಳಿಗಳಲ್ಲಿ ಕೊಳ್ಳಿದೆವ್ವ ಎನ್ನುತ್ತೇವಲ್ಲ, ಅದೇ. ಹೈನೆಕ್ ಹೇಳಿದ್ದು ಎರಡು ನಿರ್ದಿಷ್ಟ ಘಟನೆಗಳಿಗೆ ಮಾತ್ರ, ಅದೂ ‘ಇರಬಹುದು’ ಎಂದು. ವ್ಯಂಗ್ಯಚಿತ್ರಕಾರರು ಬಿಡಲಿಲ್ಲ. ಮಿಶಿಗನ್ನಿನ ಸಂಸದ ಜೆರಾಲ್ಡ್ ಫೋರ್ಡ್, ಮುಂದೆ ಅಮೆರಿಕದ ಅಧ್ಯಕ್ಷರಾದವರು, ಸಂಸತ್ತಿನಲ್ಲಿ ವಿಚಾರಣೆಯಾಗಬೇಕೆಂದರು. ಹೈನೆಕ್ ಮುಂದೆ ಬದಲಾದರು. ವಾಯುಪಡೆ ನನ್ನಿಂದ ಬಯಸಿದ್ದು ವಿಜ್ಞಾನವನ್ನಲ್ಲ, ಸಮಾಧಾನವನ್ನು ಎಂಬ ಭಾವನೆ ಅವರಲ್ಲಿ ಬಲಿಯಿತು. ‘ಕ್ಲೋಸ್ ಎನ್‌ಕೌಂಟರ್ಸ್’ ಎಂಬ ಮಾತನ್ನು ರೂಢಿಗೆ ತಂದವರು ಅವರೇ. 1977ರ ಸ್ಪೀಲ್‌ಬರ್ಗ್ ಸಿನಿಮಾದ ಹೆಸರು ಅಲ್ಲಿಂದ ಬಂದದ್ದು.

ಕೈತೊಳೆದುಕೊಳ್ಳಲು ದಾರಿ ಹುಡುಕುತ್ತಿದ್ದ ವಾಯುಪಡೆ ವಿಷಯವನ್ನು ಕೊಲರಾಡೊ ವಿಶ್ವವಿದ್ಯಾಲಯಕ್ಕೆ ಒಪ್ಪಿಸಿತು. ಎಡ್ವರ್ಡ್ ಕಾಂಡನ್ ನೇತೃತ್ವದ ಸಮಿತಿ, ಇದರ ಅಧ್ಯಯನದಿಂದ ವಿಜ್ಞಾನಕ್ಕೆ ಲಾಭವಿಲ್ಲ ಎಂದಿತು. 1969ರ ಡಿಸೆಂಬರ್ 17ರಂದು ಬ್ಲೂ ಬುಕ್ ಮುಚ್ಚಿತು. ಒಟ್ಟು ಪ್ರಕರಣ 12,618. ಕೊನೆಗೂ ಗುರುತಾಗದೆ ಉಳಿದದ್ದು 701, ಅಂದರೆ ನೂರಕ್ಕೆ ಆರೂ ಇಲ್ಲ. ಈ 701ರ ಮೇಲೆ ಎಷ್ಟು ಪುಸ್ತಕಗಳು ಬಂದಿವೆಯೋ! ಗುರುತಾಗಲಿಲ್ಲ ಎಂದರೆ ಗುರುತಿಸಲು ಬೇಕಾದ ವಿವರ ಸಾಲದು ಎಂದೂ ಆಗಬಹುದು. ಪೊಲೀಸ್ ಠಾಣೆಯಲ್ಲಿ ಪತ್ತೆಯಾಗದ ಕಳವಿನ ಪ್ರಕರಣಗಳಿರುತ್ತವೆ, ಕಳ್ಳ ಚಂದ್ರಲೋಕದಿಂದ ಬಂದವನೆಂದು ಯಾರೂ ಹೇಳುವುದಿಲ್ಲ.

ಬೇರೆ ದೇಶಗಳ ಕಥೆಯೂ ಹೀಗೆಯೇ. ಬ್ರಿಟನ್ನಿನಲ್ಲಿ ಚರ್ಚಿಲ್ 1952ರ ಜುಲೈನಲ್ಲಿ, ಈ ತಟ್ಟೆಗಳ ಗದ್ದಲವೆಲ್ಲ ಏನೆಂದು ತಮ್ಮ ವಾಯು ಸಚಿವರಿಗೆ ಚೀಟಿ ಬರೆದು ಕೇಳಿದ್ದರು. ಅವರ ರಕ್ಷಣಾ ಇಲಾಖೆ ಐದು ದಶಕಗಳಿಗೂ ಹೆಚ್ಚು ಕಾಲ ವರದಿ ಸಂಗ್ರಹಿಸಿ, ದೇಶಕ್ಕೆ ಅಪಾಯ ತೋರಿಸುವ ಒಂದೂ ಸಿಗಲಿಲ್ಲವೆಂದು 2009ರ ಡಿಸೆಂಬರಿನಲ್ಲಿ ಆ ಮೇಜನ್ನೇ ಎತ್ತಿಬಿಟ್ಟಿತು. ಸೋವಿಯತ್ ರಷ್ಯದ್ದು ಹೆಚ್ಚು ಸ್ವಾರಸ್ಯಕರ. 1977ರ ಸೆಪ್ಟೆಂಬರ್ 20ರ ಬೆಳಗಿನ ಜಾವ ಪೆಟ್ರೊಜವೋಡ್ಸ್ಕ್ ನಗರದ ಮೇಲೆ ಲೋಳೆಮೀನಿನಂಥ ಭಾರಿ ಬೆಳಕೊಂದು ಕಿರಣಗಳನ್ನು ಇಳಿಬಿಟ್ಟು ನಿಂತಿತು. ಜನ ಭಯಪಟ್ಟರು. ಮರುವರ್ಷ ‘ಸೆಟ್ಕಾ’ ಎಂಬ ಹೆಸರಿನಲ್ಲಿ ಸೇನೆ ಮತ್ತು ವಿಜ್ಞಾನ ಅಕಾಡೆಮಿಯ ಜಂಟಿ ತನಿಖೆ ಶುರುವಾಗಿ 1990ರವರೆಗೂ ನಡೆಯಿತು. ಆಕಾಶದಲ್ಲಿ ಏನೇ ವಿಚಿತ್ರ ಕಂಡರೂ ಬರೆದು ಕಳಿಸಬೇಕೆಂದು ಇಡೀ ಸೈನ್ಯಕ್ಕೆ ಆಜ್ಞೆಯಾಯಿತು. ಲಕ್ಷಾಂತರ ಕಣ್ಣುಗಳು ಹನ್ನೆರಡು ವರ್ಷ ಕಾದು ನೋಡಿದರೂ ಬಹುಪಾಲು ಸಿಕ್ಕದ್ದು ರಾಕೆಟ್ಟುಗಳು ಮತ್ತು ಬಲೂನುಗಳು. ಪೆಟ್ರೊಜವೋಡ್ಸ್ಕಿನ ಲೋಳೆಮೀನು ಅಂದು ಪ್ಲೆಸೆಟ್ಸ್ಕ್‌ನಿಂದ ಕಾಸ್ಮಾಸ್-955 ಉಪಗ್ರಹವನ್ನು ಹೊತ್ತು ಏರಿದ ರಾಕೆಟ್ಟಿನ ಹೊಗೆ, ಇನ್ನೂ ಕಣ್ಣಿಗೆ ಕಾಣದ ಸೂರ್ಯನ ಬೆಳಕಿನಲ್ಲಿ ಹೊಳೆದದ್ದು. ಪ್ಲೆಸೆಟ್ಸ್ಕ್ ಎಂಬ ಉಡಾವಣಾ ಕೇಂದ್ರ ಇದೆಯೆಂದು ಆಗ ಸರಕಾರ ಒಪ್ಪಿಕೊಂಡೇ ಇರಲಿಲ್ಲ. ಇಲ್ಲದ ಊರಿನಿಂದ ಏರಿದ ರಾಕೆಟ್ಟನ್ನು ಪತ್ರಿಕೆಯಲ್ಲಿ ಹೇಗೆ ವಿವರಿಸುವುದು?

ಅಮೆರಿಕದಲ್ಲಿ ವಿಷಯ ಮತ್ತೆ ಎದ್ದದ್ದು 2017ರಲ್ಲಿ, ನೌಕಾಪಡೆಯ ವಿಮಾನಗಳು ತೆಗೆದ ಕೆಲವು ಚಿತ್ರಗಳು ಹೊರಬಂದಾಗ. 2021ರ ವರದಿಯಲ್ಲಿ 144 ಪ್ರಕರಣಗಳ ಪೈಕಿ ಒಂದಕ್ಕೆ ಮಾತ್ರ ಖಚಿತ ಉತ್ತರವಿತ್ತು, ಗಾಳಿ ಹೋಗುತ್ತಿದ್ದ ದೊಡ್ಡ ಬಲೂನು. 2022ರಲ್ಲಿ ಪೆಂಟಗನ್ ಹೊಸ ಕಚೇರಿ ತೆರೆಯಿತು. ಪರಗ್ರಹದ ತಂತ್ರಜ್ಞಾನಕ್ಕೆ ಯಾವ ಪುರಾವೆಯೂ ಸಿಕ್ಕಿಲ್ಲವೆಂದು 2024ರ ಮಾರ್ಚ್‌ನಲ್ಲಿ ಅದು ವರದಿ ಕೊಟ್ಟಿತು. ಈ ನಡುವೆ 2023ರ ಫೆಬ್ರವರಿಯಲ್ಲಿ ಚೀನದ ಬಲೂನೊಂದು ಅಮೆರಿಕವನ್ನು ಹಾದು ಹೋಗಿ ಗುಲ್ಲಾದ ಮೇಲೆ ರಾಡಾರುಗಳ ಜರಡಿಯನ್ನು ಸಣ್ಣದು ಮಾಡಿದರು. ಮೊದಲು ಸೋರಿಹೋಗುತ್ತಿದ್ದ ಚಿಕ್ಕ, ನಿಧಾನದ ವಸ್ತುಗಳೂ ಪರದೆಯ ಮೇಲೆ ಮೂಡತೊಡಗಿದವು. ಮೂರು ದಿನದಲ್ಲಿ ಮೂರು ವಸ್ತುಗಳನ್ನು ಹೊಡೆದುರುಳಿಸಿದರು. ಒಂದೊಂದು ಕ್ಷಿಪಣಿಗೆ 4 ಲಕ್ಷ ಡಾಲರಿಗೂ ಮೇಲಿನ ಬೆಲೆ. ಅವು ಖಾಸಗಿ ಸಂಸ್ಥೆಗಳ ಅಥವಾ ಹವ್ಯಾಸಿಗಳ ಬಲೂನುಗಳೇ ಇರಬೇಕೆಂದು ಅಧ್ಯಕ್ಷರು ಆಮೇಲೆ ಹೇಳಿದರು. ಇಲಿನಾಯ್ಸ್ ರಾಜ್ಯದ ಹವ್ಯಾಸಿ ಕ್ಲಬ್ಬೊಂದರ ಪುಟ್ಟ ಬಲೂನು ಅದೇ ದಿನಗಳಲ್ಲಿ ಅಲಾಸ್ಕಾದ ಬಳಿ ಮೌನವಾಗಿತ್ತು.

ಇನ್ನು ನಮ್ಮ ಗಡಿಯ ಸಂಗತಿ. ಲಡಾಖಿನ ಪ್ಯಾಂಗಾಂಗ್ ಸರೋವರದ ಬಳಿ ಕಾವಲಿದ್ದ ಭೂಸೇನೆಯವರಿಗೂ ಇಂಡೋ-ಟಿಬೆಟನ್ ಗಡಿ ಪೊಲೀಸರಿಗೂ 2012ರ ಆಗಸ್ಟಿನಿಂದ ಪ್ರಕಾಶಮಾನವಾದ ವಸ್ತುಗಳು ಕಾಣತೊಡಗಿದವು. ಚೀನದ ಕಡೆಯ ದಿಗಂತದಿಂದ ಹಳದಿ ಬೆಳಕಿನ ಗೋಲ ಮೇಲೆದ್ದು ಗಂಟೆಗಟ್ಟಲೆ ಆಕಾಶದಲ್ಲಿ ಸಾಗಿ ಮರೆಯಾಗುತ್ತಿತ್ತು. 14,000 ಅಡಿ ಎತ್ತರದ ಆ ಜಾಗದಲ್ಲಿ ಆಚೆ ಈಚೆ ಎರಡು ಸೈನ್ಯಗಳು, ನಡುವೆ ನೆಲದ ಮೇಲೆ ಗುರುತು ಹಾಕದ ಗಡಿ. ಚೀನದ ಡ್ರೋನುಗಳಿರಬಹುದು ಎಂಬ ಅನುಮಾನ ಸಹಜವೇ. ಸೇನೆ ಬೆಟ್ಟದ ಮೇಲೆ ರಾಡಾರ್ ಒಯ್ದು ನಿಲ್ಲಿಸಿತು. ಅದಕ್ಕೆ ಏನೂ ಸಿಕ್ಕಲಿಲ್ಲವೆಂದು ಆಗಿನ ಪತ್ರಿಕೆಗಳು ಬರೆದವು. 2013ರ ಫೆಬ್ರವರಿಯ ಹೊತ್ತಿಗೆ ಸೈನಿಕರು 329 ಬಾರಿ ನೋಡಿದ್ದನ್ನು ದಾಖಲಿಸಿದ್ದರು. ಅವುಗಳಲ್ಲಿ 155 ಸಲ ವಸ್ತು ವಾಸ್ತವ ನಿಯಂತ್ರಣ ರೇಖೆಯನ್ನು ದಾಟಿ ನಮ್ಮ ಕಡೆ ಬಂತೆಂದು ಲೆಕ್ಕ.

ಸೇನೆ ಸಹಾಯ ಕೇಳಿದ್ದು ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಭೌತ ಸಂಸ್ಥೆಯವರನ್ನು. ಪ್ಯಾಂಗಾಂಗಿನ ದಕ್ಷಿಣಕ್ಕೆ ಹಾನ್ಲೆಯಲ್ಲಿ ಆ ಸಂಸ್ಥೆಯ ವೀಕ್ಷಣಾಲಯವಿದೆ. ಅಲ್ಲಿನ ಎರಡು ಮೀಟರಿನ ಹಿಮಾಲಯನ್ ಚಂದ್ರ ದೂರದರ್ಶಕವನ್ನು ನಡೆಸುವುದು ನಮ್ಮ ಹೊಸಕೋಟೆಯಿಂದ, ಉಪಗ್ರಹದ ಮೂಲಕ. ವಿಜ್ಞಾನಿಗಳು ಸೈನಿಕರಿಗೆ ಹೇಳಿದ ಉಪಾಯ ಸರಳವಾದದ್ದು: ಆ ಬೆಳಕು ಎಲ್ಲಿದೆ ಎಂಬುದನ್ನು ಬೆಟ್ಟದ ಲೆಕ್ಕದಲ್ಲಿ ಬರೆಯಬೇಡಿ, ಸುತ್ತಲಿನ ನಕ್ಷತ್ರಗಳ ಲೆಕ್ಕದಲ್ಲಿ ಬರೆಯಿರಿ. ಡ್ರೋನು ನಕ್ಷತ್ರಗಳ ನಡುವೆ ಓಡಾಡುತ್ತದೆ. ಗ್ರಹ ಅವುಗಳ ಜೊತೆಗೇ ಏರುತ್ತದೆ, ಜೊತೆಗೇ ಇಳಿಯುತ್ತದೆ. ಬರೆದು ನೋಡಿದಾಗ ಉತ್ತರ ಬಂತು. ವಸ್ತುಗಳು ಎರಡು. ಒಂದು ಗುರು, ಇನ್ನೊಂದು ಶುಕ್ರ.

ಪಂಚಾಂಗ ತೆಗೆದರೆ ಎಲ್ಲವೂ ಹೊಂದುತ್ತದೆ. ಆ ವರ್ಷ ಡಿಸೆಂಬರ್ ಮೊದಲ ವಾರದಲ್ಲಿ ಗುರು ಸೂರ್ಯನಿಗೆ ನೇರ ಎದುರು ಬಂದು ಅತಿ ಪ್ರಕಾಶವಾಗಿದ್ದ, ಸಂಜೆಯಾದೊಡನೆ ಪೂರ್ವದಲ್ಲಿ ಮೂಡುತ್ತಿದ್ದ. ಶುಕ್ರ ಬೆಳಗಿನ ಜಾವದಲ್ಲಿ ಮೂಡುತ್ತಿದ್ದ. ಯಾವ ಗ್ರಹವಾದರೂ ಮೂಡುವುದು ಪೂರ್ವದಲ್ಲೇ, ಆ ಸರೋವರದ ಪೂರ್ವಕ್ಕಿರುವುದು ಚೀನ. ಆಮೇಲೆ ಅದು ಪಶ್ಚಿಮಕ್ಕೆ ಸಾಗಲೇಬೇಕು, ಅಂದರೆ ರಾತ್ರಿಗೊಮ್ಮೆ ನಿಯಂತ್ರಣ ರೇಖೆಯನ್ನು ದಾಟಲೇಬೇಕು. ದೂಳಿಲ್ಲದ ತೆಳು ಗಾಳಿಯಲ್ಲಿ ಬೆಳಕು ಇನ್ನಷ್ಟು ತೀಕ್ಷ್ಣ. ಗಾಢ ಕತ್ತಲಲ್ಲಿ ಒಂಟಿ ಬೆಳಕನ್ನೇ ದಿಟ್ಟಿಸಿದರೆ ಅದು ಅಲುಗಿದಂತೆ ಕಾಣುವುದು ಎಲ್ಲರ ಕಣ್ಣಿನ ಗುಣ. ‘ಬೆಳ್ಳಿ ಮೂಡಿತು, ಏಳಿ’ ಎಂದು ಮಕ್ಕಳನ್ನು ಎಬ್ಬಿಸುತ್ತಿದ್ದ ನಮ್ಮ ಹಳ್ಳಿಯ ಹಿರಿಯರಿಗೆ ಶುಕ್ರ ಗಡಿಯಾರದಷ್ಟು ಪರಿಚಿತ. ಆದರೆ ಅವರ ಎದುರಿಗೆ ಚೀನದ ಸೈನ್ಯ ಇರಲಿಲ್ಲ. ಆ ಪ್ರದೇಶದಲ್ಲಿ ಡ್ರೋನುಗಳ ಮೇಲೆ ಕಣ್ಣಿಡಬೇಕಾದ ದಿನಗಳು ಅವು, ಹಾಗಾಗಿ ಗ್ರಹಗಳ ಮೇಲೂ ಸಂಶಯ ಬಿತ್ತು ಎಂದೇ ವಿಜ್ಞಾನಿಗಳು ಹೇಳಿದರು, ಕಾವಲಿನವರನ್ನು ಯಾರೂ ಹಳಿಯಲಿಲ್ಲ.

ಅಷ್ಟು ತಿಂಗಳು ರಾತ್ರಿ ರಾತ್ರಿ ಗಡಿ ದಾಟಿದ ಆ ವಸ್ತುಗಳ ಮೇಲೆ ಯಾರೂ ಗುಂಡು ಹಾರಿಸಲಿಲ್ಲ, ಬರೆದಿಟ್ಟುಕೊಂಡರು. ದಾಖಲೆ ನಿಂತ 2013ರ ಫೆಬ್ರವರಿಯಲ್ಲಿ ಶುಕ್ರ ಸೂರ್ಯನ ಪ್ರಭೆಯೊಳಗೆ ಮರೆಯಾಗಿದ್ದ, ಗುರು ಸಂಜೆಯ ಹೊತ್ತಿಗೇ ನೆತ್ತಿಯ ಹತ್ತಿರ ಬಂದಿದ್ದ. ಎರಡು ತಿಂಗಳು ಕಳೆದು ಏಪ್ರಿಲಿನಲ್ಲಿ ಚೀನದ ಸೈನಿಕರು ಅದೇ ಲಡಾಖಿನ ದೆಪ್ಸಾಂಗ್ ಬಯಲಿಗೆ ಬಂದು ಡೇರೆ ಹಾಕಿದರು. ಅವರು ಬಂದದ್ದು ನೆಲದ ಮೇಲೆ.